ತೊಂಬತ್ತು ಪರ್ಸೆಂಟ್ ಟೈರು

ಆ ರವಿವಾರ ಬೆಳಿಗ್ಗೆ ಆರು ಐವತ್ತಕ್ಕೆ ನಾನು ಕೊಂಡಾಪುರದಲ್ಲಿ, ಆಫೀಸುಗಳ ಹಿಂದಿನ ಅಗಲ ರಸ್ತೆಯ ಎಡ ಫುಟ್‌ಪಾತಿನ ಮೇಲೆ, ಚಹಾದ ಬಂಡಿಯಿಂದ ಆರು ಹೆಜ್ಜೆ ಬಲಕ್ಕೆ ನಿಂತಿದ್ದೆ. ಸಂಕ್ರಾಂತಿ ಮುಗಿದ ಮುಂದಿನ ವಾರ. ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಚಹಾ. ಬಿಸಿಲು ರಸ್ತೆಗೆ ಇಳಿದಿರಲಿಲ್ಲ, ಬೆಳಕು ಮಾತ್ರ ಚೆನ್ನಾಗಿತ್ತು. ಬಲಗಡೆ ಎಪ್ಪತ್ತು ಹೆಜ್ಜೆ ದೂರದಲ್ಲಿ ರಸ್ತೆ ತಿರುಗುತ್ತದೆ. ಆ ದೂರವನ್ನು ನಾನು ಆಮೇಲೆ ಎರಡು ಸಲ ನಡೆದು ಅಳೆದಿದ್ದೇನೆ. ಕಾರು ನಮ್ಮ ಬಳಿಯಿಂದ ಹೊರಟದ್ದು ಆರು ನಲವತ್ತಾರಕ್ಕೆ. ಪರೀಕ್ಷೆಗೆ ಹೊರಟ ಕಾರಿನ ಸಮಯವನ್ನು ಬರೆದುಕೊಳ್ಳುವುದು ನನ್ನ ಕೆಲಸದ ರೂಢಿ.

ಹಳೆಯ ಕಾರುಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ರಾಯಚೂರು ಕಡೆಯಿಂದ ಬಂದು ಸನತ್‌ನಗರದ ಒಂದು ಶೆಡ್ಡಿನಲ್ಲಿ ಐದು ವರ್ಷ ಕಾರುಗಳಿಗೆ ಬಣ್ಣ ಹೊಡೆದೆ. ಯಾವ ಬಾಗಿಲಿಗೆ ಎರಡನೇ ಸಲ ಬಣ್ಣ ಬಿದ್ದಿದೆ ಎಂದು ಬೆರಳಿನಲ್ಲೇ ತಿಳಿಯುವಂತಾದ ಮೇಲೆ ಈ ಕೆಲಸಕ್ಕೆ ಬಂದೆ. ಮಾರುವವರು ಕರೆಯುತ್ತಾರೆ, ನಾನು ನೋಡಿ ಒಂದು ಹಾಳೆ ತುಂಬುತ್ತೇನೆ, ಕೊಳ್ಳುವವರು ಅದನ್ನು ನಂಬುತ್ತಾರೆ.

ಆ ಕಾರು ಹಳದಿ ಬಣ್ಣದ್ದು, ಎರಡೇ ಸೀಟಿನದು. ಮಾಲೀಕರು ನಮ್ಮ ಕಡೆಯವರೇ, ಕಾಳುಕಡಿ ವ್ಯಾಪಾರದ ಮನೆತನ. ಏಳು ವರ್ಷದಲ್ಲಿ ಅದು ಓಡಿದ್ದು ಒಂಬತ್ತು ಸಾವಿರ ಕಿಲೋಮೀಟರಿಗಿಂತ ಕಡಿಮೆ. ಇಂಥ ಕಾರನ್ನು ಓಡಿಸಿದರೂ ಖರ್ಚು, ನಿಲ್ಲಿಸಿದರೂ ಖರ್ಚು. ಓಡಲಿ ಬಿಡಲಿ, ವರ್ಷಕ್ಕೊಮ್ಮೆ ಎಣ್ಣೆ ಬದಲಿಸಬೇಕು. ಹದಿನೈದು ದಿನ ಸುಮ್ಮನೆ ನಿಂತರೆ ಬ್ಯಾಟರಿ ಸಾಯುತ್ತದೆ. ಒಂದು ವರ್ಷದ ವಿಮೆಯ ಹಣದಲ್ಲಿ ಒಂದು ಹೊಸ ಮೋಟಾರ್ ಸೈಕಲ್ ಬರುತ್ತದೆ. ನಾಲ್ಕು ಟೈರುಗಳ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಸಣ್ಣ ಕಾರೇ ಬರುತ್ತದೆ. ಇಷ್ಟು ಸುರಿದರೂ ಬೆಲೆ ಮಾತ್ರ ಇಳಿಯುತ್ತಲೇ ಹೋಗುತ್ತದೆ. ಆ ಇಳಿತವನ್ನು ಸ್ವಲ್ಪ ತಡೆಯುವುದು ಒಂದೇ ಮಾತು: ‘ಗಾಡಿ ಓಡಿಲ್ಲ.’

ಓಡಿಲ್ಲ ಎನ್ನುವುದಕ್ಕೆ ಮೀಟರನ್ನು ಯಾರೂ ನಂಬುವುದಿಲ್ಲ. ಅದನ್ನು ಹಿಂದಕ್ಕೆ ತಿರುಗಿಸುವವರು ಊರ ತುಂಬ ಇದ್ದಾರೆ. ನಮ್ಮ ವ್ಯಾಪಾರದಲ್ಲಿ ನಂಬುವುದು ಟೈರನ್ನು. ಕಂಪನಿಯಿಂದ ಬಂದ ಟೈರೇ ಇದ್ದು, ಅದರ ಗೆರೆಗಳು ಆಳವಾಗಿದ್ದರೆ ಮೀಟರ್ ನಿಜ. ಟೈರು ಹೊಸದಾಗಿದ್ದರೆ ಕೊಳ್ಳುವವನ ಮುಖ ಸಣ್ಣದಾಗುತ್ತದೆ: ಹಳೆಯದು ಎಷ್ಟು ಸವೆದಿತ್ತೋ! ಹಾಗಾಗಿ ದುಬಾರಿ ಕಾರು ಮಾರುವವರು ಟೈರು ಬದಲಿಸುವುದಿಲ್ಲ, ಕಪ್ಪು ಪಾಲಿಶ್ ಹಚ್ಚಿ ಇಡುತ್ತಾರೆ. ಆದರೆ ರಬ್ಬರಿಗೂ ವಯಸ್ಸಿದೆ. ವಯಸ್ಸಾದರೆ ಗೆರೆ ಎಷ್ಟು ಆಳವಿದ್ದರೂ ಅದು ಗಟ್ಟಿಯಾಗಿ, ಒದ್ದೆ ರಸ್ತೆಯ ಮೇಲೆ ಹಿಡಿತ ಬಿಡುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ, ಯಾವ ವರ್ಷದ ಎಷ್ಟನೇ ವಾರದಲ್ಲಿ ತಯಾರಾಯಿತು ಎಂದು. ನನ್ನ ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲ. ಉಳಿದ ಗೆರೆ ಎಷ್ಟು ಪರ್ಸೆಂಟ್ ಎಂದಷ್ಟೇ ಬರೆಯಬೇಕು.

ಹಿಂದಿನ ದಿನ, ಶನಿವಾರ, ಮಾಲೀಕರ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರು ನೋಡಿದೆ. ಡ್ರೈವರ್ ಬಟ್ಟೆ ಹಿಡಿದು ಗಾಜು ಒರೆಸುತ್ತಿದ್ದರು. ಅವರು ಆ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದವರು. ಮಾಲೀಕರನ್ನು ಶಾಲೆಗೆ ಬಿಟ್ಟು ಬಂದವರೂ ಅವರೇ. ಪ್ರತಿ ರವಿವಾರ ಇಳಿದು ಬಂದು ಈ ಕಾರನ್ನು ಶುರು ಮಾಡಿ, ಹತ್ತು ನಿಮಿಷ ಇಟ್ಟು, ಮತ್ತೆ ಮುಸುಕು ಹಾಕುತ್ತಿದ್ದರು.

‘ನೋಡ್ರಿ ಸರ, ಶೋರೂಮಿಂದ ಬಂದ ಟೈರ್ ಹಂಗ ಅದಾವ,’ ಎಂದರು ಮಾಲೀಕರು. ‘ಇದಕ್ಕಿಂತ ಸಾಕ್ಷಿ ಏನ್ ಬೇಕ್ರಿ?’

‘ಸಾಕ್ಷಿಗೆ ವಯಸ್ಸಾಗೇತ್ರಿ ಸಾವ್ಕಾರ್ರ,’ ಎಂದರು ಡ್ರೈವರ್, ಒರೆಸುವುದನ್ನು ನಿಲ್ಲಿಸದೆ.

‘ವಯಸ್ಸು ನಿನಗೂ ಆಗೇತಿ ಕಾಕಾ. ನಿನ್ನೂ ಬದಲಿ ಮಾಡಸ್ಲೇನು?’

‘ಮಾಡಸ್ರಿ. ನನಗ ಟೈರಿನಷ್ಟ್ ರೇಟ್ ಬೀಳಂಗಿಲ್ಲ.’

ಮೂವರೂ ನಕ್ಕೆವು. ಮಾಲೀಕರು ಫೋನ್ ಬಂತೆಂದು ಮೇಲೆ ಹೋದರು. ಆಗ ಡ್ರೈವರ್ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕುಳಿತು ನನ್ನನ್ನು ಕರೆದರು.

‘ಸರ, ಉಗುರು ಒತ್ತಿ ನೋಡ್ರಿ. ಇಳಿಯಂಗಿಲ್ಲ. ಮುಂಜಾನಿ ಥಂಡ್ಯಾಗ ಇವು ಕಲ್ಲಿದ್ದಂಗ ಇರ್ತಾವ.’

ಒತ್ತಿದೆ. ಉಗುರು ಇಳಿಯಲಿಲ್ಲ. ಬದಿಯ ನಾಲ್ಕು ಅಂಕಿಗಳನ್ನೂ ಓದಿದೆ. ಟೈರು ಕಾರಿಗಿಂತ ಐದು ತಿಂಗಳು ಹಳೆಯದು.

‘ಗೊತ್ತೈತಿ ಕಾಕಾ,’ ಎಂದೆ. ‘ಮಾರಾಟ ಒಂದ್ ಆಗ್ಲಿ. ತೊಗೊಂಡವರು ಹೆಂಗೂ ಬದಲಿ ಮಾಡ್ತಾರ.’

‘ಅಲ್ಲೀತನಕ ಓಡ್ಸಾಂವ ನಾನ ಅಲ್ರಿ?’

ನಾನು ಪೆನ್ನು ತೆಗೆದೆ. ಹಾಳೆಯಲ್ಲಿ ಟೈರು ತೊಂಬತ್ತು ಪರ್ಸೆಂಟ್ ಎಂದು ಬರೆದೆ. ಗೆರೆಯ ಆಳದ ಲೆಕ್ಕದಲ್ಲಿ ಅದು ಸುಳ್ಳಲ್ಲ. ವಯಸ್ಸು ಬರೆಯಲು ಹಾಳೆಯಲ್ಲಿ ಜಾಗವೇ ಇರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಕೆಳಗೆ ‘ಇತರ ವಿಷಯ’ ಎಂಬ ಸಾಲಿತ್ತು. ಅದನ್ನು ಖಾಲಿ ಬಿಟ್ಟೆ.

ರವಿವಾರ ಕೊಳ್ಳಲು ಬಂದವರು ಕರೀಂನಗರ ಕಡೆಯ ಕಲ್ಲಿನ ವ್ಯಾಪಾರಿ. ಮೊದಲು ಮಾರುವವರ ಡ್ರೈವರ್ ಒಂದು ಸುತ್ತು ತೋರಿಸುವುದು, ಆಮೇಲೆ ಕೊಳ್ಳುವವರು ಓಡಿಸುವುದು ನಮ್ಮಲ್ಲಿನ ಪದ್ಧತಿ. ಸೀಟು ಎರಡೇ ಆದ್ದರಿಂದ ಮಾಲೀಕರೂ ನಾನೂ ಫುಟ್‌ಪಾತಿನ ಮೇಲೆ ಉಳಿದೆವು. ಅವರು ನನ್ನ ಎಡಕ್ಕೆ, ಬಂಡಿಗೆ ಹತ್ತಿರ ನಿಂತಿದ್ದರು. ಕಾರು ಆಫೀಸುಗಳನ್ನು ಸುತ್ತಿಕೊಂಡು ಬಲಗಡೆಯ ತಿರುವಿನಿಂದ ನಮ್ಮ ಬದಿಗೇ ಮರಳಬೇಕಿತ್ತು.

ಕಾರು ಅತ್ತ ಹೋದ ಮೇಲೆ ಡಿವೈಡರಿನ ಗಿಡಗಳಿಗೆ ನೀರು ಬಿಡುವ ಟ್ಯಾಂಕರ್ ಆ ತಿರುವನ್ನು ದಾಟಿ ಮುಂದೆ ಹೋಗಿ ನಿಂತಿತು. ಅದರ ನೀರು ತಿರುವಿನಲ್ಲಿ ರಸ್ತೆಗೆ ಅಡ್ಡವಾಗಿ ಹರಿದಿತ್ತು. ಅದನ್ನು ನಾನು ನೋಡಿದೆ. ನೋಡಿ ಏನನ್ನೂ ಯೋಚಿಸಲಿಲ್ಲ.

ಆರು ಐವತ್ತಕ್ಕೆ ತಿರುವಿನಲ್ಲಿ ಮೊದಲು ಕಾಣಿಸಿದ್ದು ಹಾಲಿನ ಕ್ರೇಟುಗಳನ್ನು ಹೇರಿದ ಒಂದು ಸ್ಕೂಟರ್. ಅದರ ಹಿಂದೆ ಹಳದಿ ಕಾರು. ಎರಡರ ನಡುವೆ ಒಂದು ಬಸ್ಸಿನಷ್ಟು ಅಂತರವಿತ್ತು, ಆ ಅಂತರ ಕಡಿಮೆಯಾಗಲಿಲ್ಲ. ಅಂದರೆ ಕಾರು ಸ್ಕೂಟರಿನ ವೇಗದಲ್ಲೇ ಬರುತ್ತಿತ್ತು. ಇಂಜಿನ್ನಿನ ಸದ್ದು ಏರಲಿಲ್ಲ. ಆ ಕಾರಿನ ಆಕ್ಸಿಲರೇಟರ್ ಒತ್ತಿದರೆ ಎರಡು ಬೀದಿಗೆ ಕೇಳಿಸುತ್ತದೆ. ಸ್ಕೂಟರ್ ನೀರನ್ನು ದಾಟಿತು. ಕಾರಿನ ಮುಂದಿನ ಚಕ್ರಗಳೂ ದಾಟಿದವು. ಆಮೇಲೆ ಹಿಂಭಾಗ ಯಾರೋ ಎಳೆದಂತೆ ಹೊರಕ್ಕೆ ಸರಿಯಿತು. ಕಾರು ಅರ್ಧ ತಿರುಗಿ, ಮೂತಿಯಿಂದ ಡಿವೈಡರಿನ ಕಲ್ಲಿಗೆ ಬಡಿಯಿತು. ಒಳಗೆ ಗಾಳಿಚೀಲಗಳು ಒಡೆದ ಸದ್ದು ಬಡಿದ ಸದ್ದಿಗಿಂತ ದೊಡ್ಡದಾಗಿತ್ತು. ಸ್ಕೂಟರಿನವನು ತಿರುಗಿ ನೋಡದೆ ಹೋದ. ನನ್ನ ಚಹಾ ಪ್ಯಾಂಟಿನ ಮೇಲೆ ಚೆಲ್ಲಿದ್ದು ಮನೆಗೆ ಹೋದ ಮೇಲೆ ಗೊತ್ತಾಯಿತು.

ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಕಲ್ಲಿನ ವ್ಯಾಪಾರಿಯ ಕನ್ನಡಕ ಮುರಿಯಿತು, ಡ್ರೈವರರ ಮಣಿಕಟ್ಟು ಊದಿತು. ವ್ಯಾಪಾರಿ ಫುಟ್‌ಪಾತಿನ ಅಂಚಿಗೆ ಕುಳಿತು, ‘ಸ್ಲೋಚ್ ಆರೇ ಥೇ ಭಾಯ್, ಸ್ಲೋಚ್ ಆರೇ ಥೇ,’ ಎಂದು ಎರಡು ಸಲ ಹೇಳಿದರು. ನಿಧಾನವಾಗಿಯೇ ಬರುತ್ತಿದ್ದೆವು ಎಂದು. ಅವರ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಮಾಲೀಕರು ಕಾರಿನ ಮುರಿದ ಮೂತಿಯನ್ನೇ ನೋಡುತ್ತಿದ್ದರು.

‘ಏನ್ ಮಾಡಿದಿ ಕಾಕಾ? ಯಾಕ್ ಅಷ್ಟ್ ಜೋರ್ ಒತ್ತಿದಿ?’

‘ಜಾರಿತ್ರಿ,’ ಎಂದರು ಡ್ರೈವರ್. ಹೇಳಿದ್ದು ಮಾಲೀಕರಿಗೆ, ನೋಡಿದ್ದು ನನ್ನನ್ನು. ನಾನು ಫೈಲಿನ ದಾರ ಕಟ್ಟುತ್ತಿದ್ದೆ.

ವಿಮೆಯವರು ನನ್ನ ಹಾಳೆಯನ್ನು ತರಿಸಿಕೊಂಡರು. ಟೈರು ತೊಂಬತ್ತು ಪರ್ಸೆಂಟ್, ಬ್ರೇಕು ಸರಿ. ಹಾಗಾದರೆ ಉಳಿದ ಕಾರಣ ಒಂದೇ, ಚಾಲಕನ ಅಜಾಗರೂಕತೆ. ರಿಪೇರಿಯ ಹಣವೇನೋ ಬಂತು. ಆದರೆ ಒಮ್ಮೆ ಗಾಳಿಚೀಲ ಒಡೆದ ಕಾರು ಏನು ಮಾಡಿದರೂ ಅಪಘಾತದ ಕಾರೇ. ಮೊದಲು ಕೇಳಿದ ಬೆಲೆಯ ಅರ್ಧಕ್ಕೂ ಅದು ಹೋಗಲಿಲ್ಲ. ಆ ಇಳಿತ ಡ್ರೈವರರ ತಲೆಯ ಮೇಲೆ ಕುಳಿತಿತು. ಮುಂದಿನ ತಿಂಗಳು ಅವರನ್ನು ಬಿಡಿಸಿದರು. ನಮ್ಮ ಕಡೆಯ ವ್ಯಾಪಾರಸ್ಥರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರು. ‘ಹಳದಿ ಗಾಡಿ ಬಡದಾಂವ’ ಎಂದರೆ ಸಾಕು, ಯಾವ ಮನೆಯವರೂ ಅವರ ಕೈಗೆ ಕೀಲಿ ಕೊಡುತ್ತಿರಲಿಲ್ಲ. ಅವರು ಉಪ್ಪಲ್‌ನಲ್ಲಿ ಒಂದು ಅಪಾರ್ಟ್‌ಮೆಂಟಿಗೆ ಕಾವಲುಗಾರರಾದರು.

ಅಲ್ಲಿಗೆ ಒಮ್ಮೆ ಹೋಗಿದ್ದೆ. ಗೇಟಿನ ಪಕ್ಕ ಕುರ್ಚಿ ಹಾಕಿ ಕೂರಿಸಿದರು.

‘ಗಾಡಿ ಬಡದ ಮ್ಯಾಲ ಟೈರಿನ ಮಾತು ಅವ್ರಿಗೆ ನೀವ್ಯಾಕ ಹೇಳಲಿಲ್ಲ ಕಾಕಾ?’ ಎಂದು ಕೇಳಿದೆ.

‘ನೀವು ತೊಂಬತ್ತು ಅಂತ ಬರದೀರಿ. ನನ್ನ ಮಾತಿಗೆ ಎಷ್ಟ್ ಪರ್ಸೆಂಟ್ ಕೊಡ್ತಿದ್ರು ಅವ್ರು?’ ಎಂದು ನಕ್ಕರು. ನಂತರ ಗೇಟು ತೆಗೆಯಲು ಎದ್ದರು, ಯಾರದೋ ಕಾರು ಬಂದಿತ್ತು. ಅದು ಒಳಗೆ ಹೋಗುವಾಗ ಅವರು ಅದರ ಟೈರುಗಳನ್ನು ನೋಡಿದರು.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ತಿಳಿದದ್ದು ತಡವಾಗಿ. ಹೋದಾಗ ಅವರ ಹೆಂಡತಿ ನೀರು ಕೊಟ್ಟು ಎದುರಿಗೆ ಕುಳಿತರು.

‘ನೀವು ಅಲ್ಲೇ ನಿಂತಿದ್ರಿ ಅಂತಲ್ರಿ. ಒಂದ್ ಮಾತು ಹೇಳ್ರಿ. ಜೋರ್ ಹೊಡದಿದ್ರೇನ್ರಿ ಇವ್ರು? ಮಣ್ಣಿಗೆ ಬಂದ ಮಂದೀನೂ ಅದನ್ನ ಅಂದು ಹೋದ್ರು.’

‘ಇಲ್ಲ ಕಾಕಿ,’ ಎಂದೆ. ಉಗುರು ಒತ್ತಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವರು ಅಳಲಿಲ್ಲ, ಬೈಯಲೂ ಇಲ್ಲ. ನಾನು ಮುಗಿಸುವವರೆಗೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು.

‘ಬಾಯಿಲೆ ಹೇಳಿದ್ದು ಬ್ಯಾಡ್ರಿ,’ ಎಂದರು ಕೊನೆಗೆ. ‘ತೊಂಬತ್ತು ಅಂತ ಬರದಿದ್ರಲ್ಲ, ಹಂಗ ಇದನ್ನೂ ಬರದು ಕೊಡ್ರಿ.’

ಬರೆದಿದ್ದೇನೆ. ಒಂದು ಪ್ರತಿ ಅವರಿಗೆ, ಒಂದು ಮಾಲೀಕರಿಗೆ. ಟೈರುಗಳಿಗೆ ವಯಸ್ಸಾಗಿತ್ತು, ಅದು ನನಗೆ ಗೊತ್ತಿತ್ತು, ಡ್ರೈವರ್ ಮೊದಲೇ ಹೇಳಿದ್ದರು, ಕಾರು ಸ್ಕೂಟರಿನ ವೇಗದಲ್ಲಿ ಬಂತು.

ನನ್ನೊಬ್ಬನ ಮಾತನ್ನೇ ನಂಬಬೇಕಾಗಿಲ್ಲ. ಇದನ್ನು ಕಂಡವರಲ್ಲಿ ಬದುಕಿರುವವರು ಇನ್ನೂ ಇದ್ದಾರೆ. ಚಹಾದ ಬಂಡಿಯ ಹೆಂಗಸು ಈಗಲೂ ಅದೇ ರಸ್ತೆಯಲ್ಲಿ, ಎರಡು ಕಂಬ ಆಚೆಗೆ ನಿಲ್ಲುತ್ತಾರೆ. ಇಂಜಿನ್ನಿನ ಸದ್ದು ಏರಲಿಲ್ಲ ಎಂದು ಅವರೂ ಹೇಳುತ್ತಾರೆ. ಪಕ್ಕದ ಸೀಟಿನಲ್ಲಿ ಕುಳಿತು ಸ್ಪೀಡಿನ ಮುಳ್ಳು ನೋಡುತ್ತಿದ್ದ ಕಲ್ಲಿನ ವ್ಯಾಪಾರಿ ಕರೀಂನಗರದಲ್ಲಿದ್ದಾರೆ. ಬಡಿದ ಸದ್ದಿಗೆ ಟ್ಯಾಂಕರಿನ ಚಾಲಕ ಇಳಿದು ಬಂದಿದ್ದ, ಅವನನ್ನು ನಾನು ಇನ್ನೂ ಹುಡುಕಿಲ್ಲ. ಮತ್ತೆ ಮಾಲೀಕರು. ಅವರು ನನ್ನ ಎಡಕ್ಕೆ ಎರಡು ಹೆಜ್ಜೆ ದೂರದಲ್ಲಿ, ಅದೇ ತಿರುವಿನ ಕಡೆಗೆ ಮುಖ ಮಾಡಿ ನಿಂತಿದ್ದರು.