ನಮ್ಮೂರೋರು ಅಂದುಬಿಟ್ಟೆ

ಬೆಳಿಗ್ಗೆ ಮನೆ ಒರೆಸಲು ಫಿನಾಯಿಲ್ ಬಾಟಲಿ ತೆರೆದೆ. ಆ ವಾಸನೆಗೆ ಜೈಲಿನ ಸಂದರ್ಶಕರ ಕೋಣೆ ಕಣ್ಣ ಮುಂದೆ ಬಂತು.

ತೆಂಗಿನ ತೋಟದ ಬದುವಿನ ಜಗಳದಲ್ಲಿ ಅಪ್ಪ ಪಕ್ಕದ ತೋಟದವರಿಗೆ ಮಚ್ಚು ಬೀಸಿ ಒಳಗೆ ಹೋಗಿದ್ದ. ತಿಂಗಳಿಗೊಮ್ಮೆ ಅವ್ವ ನನ್ನನ್ನು ಕರೆದುಕೊಂಡು ಚಿಕ್ಕನಾಯಕನಹಳ್ಳಿಯಲ್ಲಿ ತುಮಕೂರಿನ ಬಸ್ಸು ಹತ್ತುತ್ತಿದ್ದಳು. ಯಾರಾದರೂ ಕೇಳಿದರೆ, "ನೆಂಟರ ಮನೆಗೆ ಕಣಕ್ಕ" ಅನ್ನುತ್ತಿದ್ದಳು.

ಒಂದು ಸಲ ಜಾಲರಿಯ ಹತ್ತಿರ ನನ್ನದೇ ವಯಸ್ಸಿನ, ಒಳ್ಳೆಯ ಫ್ರಾಕು ತೊಟ್ಟ ಹುಡುಗಿಯೊಬ್ಬಳು ಅಪ್ಪನನ್ನು ತೋರಿಸಿ, "ಯಾರು ಅವ್ರು?" ಅಂದಳು.

"ನಮ್ಮೂರೋರು," ಅಂದುಬಿಟ್ಟೆ.

ಆಚೆ ಕಡೆ ನಿಂತಿದ್ದ ಅಪ್ಪನಿಗೆ ಕೇಳಿಸಿತು. ಜಾಲರಿಗೆ ಒತ್ತಿದ್ದ ಬೆರಳುಗಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. ಅವ್ವನಿಗೆ, "ಮಗೀನ ಇನ್ನ ಕರ್ಕೊಂಡು ಬರಬ್ಯಾಡ ಬುಡು. ಬಸ್ಸಲ್ಲಿ ಸುಸ್ತಾಯ್ತದೆ," ಅಂದ.

ನನಗೆ ಬಸ್ಸಿನಲ್ಲಿ ಎಂದೂ ಸುಸ್ತಾಗಿರಲಿಲ್ಲ. ಆದರೂ ಇನ್ನು ಅಲ್ಲಿಗೆ ಹೋಗಬೇಕಾಗಿಲ್ಲವೆಂದು ಒಳಗೊಳಗೇ ಖುಷಿಪಟ್ಟಿದ್ದೆ.

ಬಿಡುಗಡೆಯಾಗಿ ಬಂದ ಮೇಲೆ ಅಪ್ಪ ನನ್ನನ್ನು ಶಾಲೆಗೆ ಬಿಡಲು ಬಂದರೂ ಗೇಟಿನವರೆಗೆ ಬರುತ್ತಿರಲಿಲ್ಲ. ರಸ್ತೆಯ ತಿರುವಿನಲ್ಲೇ ನಿಂತು, "ನೀ ಹೋಗವ್ವ," ಅನ್ನುತ್ತಿದ್ದ.

ಅಪ್ಪ ಈಗ ನನ್ನ ಮನೆಯಲ್ಲೇ ಇದ್ದಾನೆ, ಪಕ್ಕದ ಕೋಣೆಯಲ್ಲಿ. ಅವನಿಗೆ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆ ಇದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.