ಪಾಲಕರಿಗೆ ಬೈಯುವ ಇಂದುಮತಿಬಾಯಿ

ಇಂದುಮತಿಬಾಯಿ ಮಕ್ಕಳಿಗೆ ಬೈದದ್ದನ್ನು ನಾನು ಕಂಡಿಲ್ಲ. ಅವರ ಬೈಗುಳವೆಲ್ಲ ತಂದೆ-ತಾಯಿಗಳಿಗೆ ಮೀಸಲು. ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ನಿಂತು, ಒಂದೊಂದು ಮಗುವನ್ನೂ ಹೆಸರು ಹಿಡಿದು ಕರೆದು ಒಳಗೆ ಬಿಟ್ಟುಕೊಂಡು, ಹಿಂದೆ ಬಂದ ಅಪ್ಪನನ್ನು ತಡೆದು ನಿಲ್ಲಿಸುತ್ತಿದ್ದರು. "ಪಾಟೀಚೀಲ ನೀವ್ಯಾಕ ಹೊತ್ತೀರಿ? ಶಾಲಿ ಕಲಿಯಾಂವ ಅಂವೋ ನೀವೋ?" ಮರಾಠಿಯವರಿಗೆ ಮರಾಠಿಯಲ್ಲಿ, ನನಗೆ ಧಾರವಾಡದ ಕನ್ನಡದಲ್ಲಿ. ನಮ್ಮ ಕಡೆಯವನು ಅಂತ ನನಗೆ ಎರಡು ಮಾತು ಹೆಚ್ಚೇ ಸಿಗುತ್ತಿದ್ದವು.

ಅವರ ಶಾಲೆ ಪುಣೆಯ ಧನಕವಡಿಯ ಒಂದು ಹಳೆ ಬಂಗಲೆಯ ಕೆಳಗಿನ ಮನೆಯಲ್ಲಿತ್ತು. ನಾಲ್ಕು ಕೋಣೆ, ನಾಲ್ಕು ವರ್ಗ, ಎಲ್ಲ ಸೇರಿ ಅರವತ್ತು ಮಕ್ಕಳು. ನಾನು ಗ್ರಿಲ್ಲು, ಗೇಟು ಮಾಡುವವನು. ಬಿಜಾಪುರದ ಕಡೆಯಿಂದ ಹದಿಮೂರನೇ ವಯಸ್ಸಿಗೆ ಪುಣೆಗೆ ಬಂದು, ಸೋದರಮಾವನ ಹತ್ತಿರ ವೆಲ್ಡಿಂಗ್ ಕಲಿತು, ಸ್ವಂತ ವರ್ಕ್‌ಶಾಪ್ ಹಾಕಿದವನು. ಇವತ್ತಿಗೂ ನಾನು ಕೂಡಿಸಿದ ಗೇಟು ಜೋಲಿದ್ದನ್ನು ಯಾರಾದರೂ ತೋರಿಸಲಿ. ತೊಂಬತ್ತರ ಆರಂಭದಲ್ಲಿ ಆ ಶಾಲೆಯ ಕಿಟಕಿಗಳಿಗೆ ಗ್ರಿಲ್ಲು ಹಾಕಲು ಹೋದಾಗ ಎಲ್ಲರೂ 'ಬಾಯಿ' ಎಂದೇ ಕರೆಯುತ್ತಿದ್ದ ಅವರನ್ನು ಮೊದಲ ಸಲ ಕಂಡದ್ದು. ಸರಳುಗಳ ನಡುವೆ ತಮ್ಮ ಮುಷ್ಟಿ ತೂರಿಸಿ ನೋಡಿ, "ಇದರಾಗ ಕೂಸಿನ ತಲಿ ಸಿಕ್ಕೊಂತದ್ರಿ, ಬಿಚ್ಚ್ರಿ" ಅಂದರು. ಎರಡು ದಿನ ಸಿಟ್ಟಿನಲ್ಲೇ ಇದ್ದೆ. ಮೂರನೇ ದಿನ ನನ್ನ ಮಗಳು ಗೀತಾಳ ತಲೆಗೆ ಟೇಪು ಹಿಡಿದು ನೋಡಿದೆ. ಹೋಗಿ ಬಿಚ್ಚಿದೆ.

ಗೀತಾಳನ್ನು ಅದೇ ಶಾಲೆಗೆ ಹಾಕಬೇಕೆಂದು ಅವತ್ತೇ ಮನಸ್ಸಿಗೆ ಬಂತು. ಆದರೆ ಬಾಯಿ ಪ್ರವೇಶಕ್ಕೆ ಮಕ್ಕಳ ಪರೀಕ್ಷೆ ಮಾಡುತ್ತಿರಲಿಲ್ಲ, ಪಾಲಕರದ್ದು ಮಾಡುತ್ತಿದ್ದರು.

"ಹ್ವಾದ ಐತವಾರ ಮಗಳ ಜೋಡಿ ಏನ್ ಮಾಡಿದ್ರಿ, ಮಲ್ಲಪ್ಪಾರ?"

"ಕೆಲಸ ಇತ್ರಿ."

"ಅದರ ಹಿಂದಿನ ಐತವಾರ?"

"ಅವತ್ತೂ ಕೆಲಸ ಇತ್ರಿ."

"ಹಂಗಾರ ನಿಮಗ ಮಗಳ ಪರಿಚಯ ಇಲ್ಲ. ಬರೋ ಐತವಾರ ಮಾಡ್ಕೊಂಡು ಸೋಮವಾರ ಬರ್ರಿ."

ಸೋಮವಾರ ಹೋದೆ. ಪರ್ವತಿ ಗುಡ್ಡ ಹತ್ತಿದ್ದು, ಅವಳು ನನಗಿಂತ ಮೊದಲು ಮೇಲೆ ಮುಟ್ಟಿದ್ದು, ಎಲ್ಲ ಹೇಳಿದೆ. ಕೇಳಿ ನಕ್ಕರು. ಆಮೇಲೆ "ನೀವು ಎಷ್ಟು ಕಲ್ತೀರಿ?" ಅಂದರು. "ಮ್ಯಾಟ್ರಿಕ್ ರೀ" ಅಂದೆ. ಅದು ಸುಳ್ಳು. ನಾನು ಆರನೇತ್ತೆಯಲ್ಲೇ, ಆರನೇ ವರ್ಗಕ್ಕೇ, ಶಾಲೆ ಬಿಟ್ಟವನು.

ಶಾಲೆ ಸುರುವಾಗುವ ದಿನ ಹೊಸ ಪಾಲಕರನ್ನೆಲ್ಲ ಚಾಪೆಯ ಮೇಲೆ ಕೂಡಿಸಿ ಬಾಯಿ ತಮ್ಮ ಶಾಲೆಯ ಕೊರತೆಗಳನ್ನೇ ಮೊದಲು ಹೇಳುತ್ತಿದ್ದರು. ಮೈದಾನ ಇಲ್ಲ, ಅಂಗಳದಲ್ಲೇ ಆಟ. ಒಬ್ಬ ಶಿಕ್ಷಕಿಗೆ ಜ್ವರ ಬಂದರೆ ಎರಡು ವರ್ಗ ಒಂದೇ ಕೋಣೆಯಲ್ಲಿ ಕೂಡ್ರುತ್ತವೆ. ನಾಲ್ಕನೇತ್ತೆಗೆ ಶಾಲೆ ಮುಗಿಯಿತು, ಐದಕ್ಕೆ ಬೇರೆ ಶಾಲೆ ನೀವೇ ಹುಡುಕಬೇಕು, ಆ ತಿರುಗಾಟವನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ನಂಬರು, ರ‍್ಯಾಂಕು ಕೊಡುವುದಿಲ್ಲ. ಮಗು ಬಟ್ಟೆ ಹೊಲಸು ಮಾಡಿಕೊಂಡು ಬಂದರೆ ಅವತ್ತು ಏನೋ ಕಲಿತಿದೆ ಅಂತ ತಿಳಿಯಿರಿ. "ಇದೆಲ್ಲಾ ನಡೀತದ ಅನ್ನೂದಿದ್ರ ಕೂಡ್ರಿ. ಇಲ್ಲಂದ್ರ ಚಹಾ ಕುಡದು ಹೋಗ್ರಿ, ಸಿಟ್ಟಿಲ್ಲ." ಸಣ್ಣ ಶಾಲೆ ಹುಡುಕುವವರು ಇವತ್ತು ನನ್ನನ್ನು ಕೇಳಿದರೆ ನಾನು ಹೇಳುವುದು ಇಷ್ಟೇ: ತನ್ನ ಶಾಲೆಯಲ್ಲಿ ಏನಿಲ್ಲ ಅಂತ ಮುಖ್ಯೋಪಾಧ್ಯಾಯರು ತಾವಾಗಿ ಹೇಳುತ್ತಾರೋ ನೋಡಿ.

ಅವತ್ತು ತಲೆದೂಗಿದವನು ಮೂರನೇತ್ತೆಯ ಹೊತ್ತಿಗೆ ಹೆದರಿದೆ. ಯೆರವಡಾದಲ್ಲಿ ಮನೆ ಮಾಡಿದ್ದ ನನ್ನ ಹೆಂಡತಿಯ ಅಣ್ಣ ಬಂದಾಗಲೆಲ್ಲ ಚುಚ್ಚುತ್ತಿದ್ದ. "ನನ್ನ ಮಗ ವರ್ಗದಾಗ ಎರಡನೇ ನಂಬರ್. ನಿಮ್ಮ ಗೀತಾ?" ಹೇಳಲು ನನ್ನ ಹತ್ತಿರ ನಂಬರೇ ಇರಲಿಲ್ಲ. ಮಗಳೂ ನನ್ನ ಹಾಗೆ ನಡುವೆಯೇ ಬಿಟ್ಟು ಕೂತರೆ ಏನು ಗತಿ? ದೊಡ್ಡ ಶಾಲೆಗೆ ಹಾಕುವುದೇ ಸರಿ ಎಂದು ಶಾಲೆ ಬಿಟ್ಟ ದಾಖಲೆ ಕೇಳಲು ಹೋದೆ.

"ಕೊಡ್ತೀನ್ರಿ" ಅಂದರು ಬಾಯಿ. "ಆದ್ರ ನಮ್ಮಲ್ಲೊಂದು ಪದ್ಧತಿ ಅದ. ಮಗೂನ್ನ ಬಿಡಸವ್ರು ಒಂದಿನ ಗಂಟಿಯಿಂದ ಗಂಟಿತನಾ ವರ್ಗದಾಗ ಕೂಡಬೇಕು. ಬಾಯಿ ಮುಚಗೊಂಡು."

ಮಾರನೆಯ ದಿನ ವರ್ಕ್‌ಶಾಪ್ ಮುಚ್ಚಿ ಹೋಗಿ ಹಿಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಹುಡುಗರಿಗೆ ನಾನೊಂದು ತಮಾಷೆ. ಗೀತಾ ಮಾತ್ರ ಕೈ ತಿರುಗಿಸಿ "ಸೀದಾ ಕೂಡು" ಅಂತ ಸನ್ನೆ ಮಾಡಿದಳು. ಗಣಿತದ ಹೊತ್ತಿಗೆ ಶಿಕ್ಷಕಿ, ಈ ಕೋಣೆಯಲ್ಲಿ ಎಷ್ಟು ಶಹಾಬಾದ್ ಕಲ್ಲು ಹಾಸಿದೆ ಅಂತ ಕೇಳಿದರು. ಗೀತಾ ಕೈ ಎತ್ತಿ, "ಈ ಕಡೆ ಒಂಬತ್ತು, ಆ ಕಡೆ ಏಳು, ಹದಿನಾರು" ಅಂದಳು. ಶಿಕ್ಷಕಿ ಸರಿ ಅನ್ನಲಿಲ್ಲ, ತಪ್ಪೂ ಅನ್ನಲಿಲ್ಲ. ನನ್ನ ಜೀವ ತಡೆಯಲಿಲ್ಲ. "ಅರವತ್ತಮೂರು" ಅಂದುಬಿಟ್ಟೆ.

ಬಾಗಿಲಲ್ಲಿ ಬಾಯಿ ನಿಂತಿದ್ದರು. "ಮಲ್ಲಪ್ಪಾರ, ಹೊರಗ ನಿಂದ್ರರಿ."

ನಲವತ್ತರ ಹತ್ತಿರದ ಮನುಷ್ಯ, ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತೆ. ಅಂಗಳದ ಆಚೆಯಿಂದ ನನ್ನ ಗಿರಾಕಿಯೊಬ್ಬ ನೋಡಿ, "ಕಾಯ್ ಮಲ್ಲಪ್ಪಾ, ಶಿಕ್ಷಾ ಝಾಲೀ ಕಾ?" ಅಂತ, ಶಿಕ್ಷೆ ಸಿಕ್ಕಿತೇನು ಎಂದು ಛೇಡಿಸಿ ನಕ್ಕು ಹೋದ. ಮುಖ ತಿರುಗಿಸಿ ಕಿಟಕಿಯಲ್ಲಿ ನೋಡಿದೆ. ಗೀತಾ ಸೀಮೆಸುಣ್ಣ ಹಿಡಿದು ಕಲ್ಲಿನಿಂದ ಕಲ್ಲಿಗೆ ನಂಬರು ಬರೆಯುತ್ತ ಹೊರಟಿದ್ದಳು. ಹದಿನೇಳಕ್ಕೆ ನಿಂತಳು. ಮುಂದೆ ಉಳಿದ ನೆಲ ನೋಡಿದಳು. ನಗು ಬಂತು ಅವಳಿಗೆ. "ನಾ ಬರೇ ಅಂಚು ಎಣಿಸಿದ್ದೆ" ಅಂತ ಮರಾಠಿಯಲ್ಲಿ ಕೂಗಿ ಹೇಳಿದಳು. ವರ್ಗವೆಲ್ಲ ನಕ್ಕಿತು, ಅವಳೂ ಕೂಡಿಯೇ. ಆಮೇಲೆ ಮೂಲೆಮೂಲೆಗೂ ಹರಿದಾಡಿ ಎಣಿಸಿ ಮುಗಿಸಿದಾಗ ಅರವತ್ತೈದು ಆಯಿತು. ಬಾಗಿಲ ಕಡೆಯ ಸಾಲಿಗೆ ಯಾರೋ ಸಣ್ಣ ಕಲ್ಲು ಕೂಡಿಸಿದ್ದರು, ಅಲ್ಲಿ ಒಂಬತ್ತರ ಬದಲು ಹನ್ನೊಂದಿದ್ದವು. ಅಳತೆಯ ಮೇಲೆಯೇ ಹೊಟ್ಟೆ ಹೊರೆಯುವ ನಾನು ನೆಲವನ್ನು ಸರಿಯಾಗಿ ನೋಡಿರಲಿಲ್ಲ.

ಸಂಜೆ ಬಾಯಿಯ ಕೋಣೆಗೆ ಹೋದರೆ ದಾಖಲೆ ಬರೆದು ಸಹಿ ಮಾಡಿಟ್ಟಿದ್ದರು. "ಒಯ್ಯೂದಿದ್ರ ಒಯ್ರಿ" ಅಂದರು.

ನಾನು ಕೂತು, ಯಾರಿಗೂ ಹೇಳದ್ದನ್ನು ಹೇಳಿದೆ. ಆರನೇತ್ತೆಯಲ್ಲಿ ಕರಿ ಫಳಿಯ ಮೇಲೆ ಬರೆಯುತ್ತ ಒಂದು ಲೆಕ್ಕ ತಪ್ಪಿದ್ದು, ಮಾಸ್ತರರು ನನ್ನ ಮೇಲೆ ಎಲ್ಲರನ್ನೂ ನಗಿಸಿದ್ದು, ಮರುದಿನ ನಾನು ಶಾಲೆಗೆ ಹೋಗದೆ ಹೊಲಕ್ಕೆ ಹೋದದ್ದು. ಮ್ಯಾಟ್ರಿಕ್ ಅಂದದ್ದು ಸುಳ್ಳು ಅಂತಲೂ ಹೇಳಿದೆ.

"ಅದು ನನಗ ಅವತ್ತ ತಿಳದಿತ್ರಿ. ಮ್ಯಾಟ್ರಿಕ್ ಆದಾವ್ರು ಅಷ್ಟು ಲಗೂ ಹೇಳಿ ಮುಗಸೂದಿಲ್ಲ, ಎಷ್ಟು ಮಾರ್ಕ್ಸ್ ಅಂತನೂ ಹೇಳ್ತಾರ." ಕಾಗದವನ್ನು ನನ್ನ ಕಡೆ ಸರಿಸಿ, "ಈಗೇನ್ರಿ, ದಾಖಲೆ?" ಅಂದರು.

"ಬ್ಯಾಡ್ರಿ. ಇಲ್ಲೇ ಇರಲಿ ಅಕಿ."

"ಮೊದಲ ಹೇಳಾಕ ಏನಾಗಿತ್ತು? ಒಂದು ಛಲೋ ಕಾಗದ ಹಾಳು ಮಾಡಿಸಿದ್ರಿ" ಅಂತ ಬೈದು ಅದನ್ನು ಹರಿದರು.

ಗೀತಾ ನಾಲ್ಕು ಮುಗಿಸಿದಳು. ಐದಕ್ಕೆ ದೊಡ್ಡ ಶಾಲೆ ಸಿಕ್ಕಿತು. ಅಲ್ಲಿ ಮೊದಲ ವರ್ಷ ಇಪ್ಪತ್ತೇಳನೇ ನಂಬರು. ಯೆರವಡಾದ ಭಾವ ಕೇಳುವ ಮೊದಲೇ ಅವನಿಗೆ ನಾನೇ ಫೋನ್ ಮಾಡಿ ಹೇಳಿದೆ.

ಕೆಲವು ವರ್ಷಗಳ ಮೇಲೆ ಬಾಯಿಗೆ ಮಂಡಿನೋವು ಹೆಚ್ಚಾಯಿತು, ಮುಂದೆ ನಡೆಸುವವರು ಸಿಗಲಿಲ್ಲ, ಶಾಲೆ ಮುಚ್ಚಿತು. ಧಾರವಾಡದ ತಂಗಿಯ ಮನೆಗೆ ಹೊರಟ ಅವರನ್ನು ಬಸ್ಸು ಹತ್ತಿಸಲು ನಾನು, ಗೀತಾ ಸ್ವಾರಗೇಟಿಗೆ ಹೋಗಿದ್ದೆವು. ಅವರನ್ನು ನೋಡಿದ್ದು ಅದೇ ಕೊನೆ. ಗೀತಾ ಆಗ ಡಿಪ್ಲೊಮಾ ಓದುತ್ತಿದ್ದಳು.

"ಕಾಲೇಜು ಹೆಂಗದ?" ಕಿಟಕಿಯಿಂದ ಕೇಳಿದರು.

"ಗಣಿತದಾಗ ಫೇಲಾದೆ ಬಾಯಿ. ಮತ್ತ ಕಟ್ಟೀನಿ."

ನಾನು ಅತ್ತಿತ್ತ ನೋಡಿದೆ, ಯಾರಾದರೂ ಕೇಳಿಸಿಕೊಂಡರೇ ಎಂದು. ನನಗೂ ಅವಳು ಫಲಿತಾಂಶ ಬಂದ ದಿನವೇ, ರೊಟ್ಟಿ ಮುರಿಯುತ್ತ ಹೀಗೇ ಹೇಳಿದ್ದಳು.

"ಯಾವ ಲೆಕ್ಕ? ತೋರಸು" ಅಂದರು ಬಾಯಿ.

ಗೀತಾ ಬಸ್ಸಿನ ಮೈಮೇಲಿದ್ದ ಧೂಳಿನಲ್ಲಿ ಬೆರಳಿಂದ ಲೆಕ್ಕ ಬರೆಯತೊಡಗಿದಳು. ನಾಲ್ಕು ಸಾಲು ಆಗುವಷ್ಟರಲ್ಲಿ ಬಸ್ಸು ಅಲುಗಿತು. ಅವಳು ಪಕ್ಕದಲ್ಲೇ ನಡೆಯುತ್ತ ಐದನೇ ಸಾಲೂ ಬರೆದಳು. ಲೆಕ್ಕವನ್ನು ಹೊತ್ತುಕೊಂಡೇ ಬಸ್ಸು ಕಾತ್ರಜದ ಕಡೆ ಹೊರಳಿತು. ಬಾಯಿ ಕಿಟಕಿಯಿಂದ ಕುತ್ತಿಗೆ ಹೊರಗೆ ಚಾಚಿ, ತಲೆಕೆಳಗಾಗಿ ಅದನ್ನು ಓದುತ್ತಲೇ ಇದ್ದರು.