ಎತ್ತಿಸಿಕೊಳ್ಳಲು ಕಲಿತವನು

ನನ್ನ ತಂಗಿಯ ಗಂಡನಿಗೆ ಊರೆಲ್ಲ ಇಟ್ಟಿದ್ದ ಹೆಸರು ಕ್ರೇನು. ಭಾರ ಎತ್ತುವ ಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ಬಂದವನು. ಜಂಬವೂ ಅಷ್ಟೇ ತೂಕದ್ದು. ಭಾರ ಎತ್ತುವವರಿಗೆ ಮೊದಲು ಕಲಿಸುವುದೇ ಬಿಡುವುದನ್ನು. ತೂಕ ವಾಲಿತೋ, ಕೈಬಿಟ್ಟು ಪಕ್ಕಕ್ಕೆ ಹಾರಬೇಕು. ಒಂದು ಸ್ಪರ್ಧೆಯಲ್ಲಿ ತಲೆಯ ಮೇಲಿದ್ದ ಕಂಬಿ ವಾಲಿದಾಗ ಕೋಚು "ಬಿಡೋ, ಬಿಡೋ" ಎಂದು ಗಂಟಲು ಹರಿದುಕೊಂಡರೂ ಇವನು ಬಿಡಲಿಲ್ಲ. ಕಂಬಿಯ ಸಮೇತ ಕುಸಿದ. ಬೆನ್ನುಮೂಳೆ ಮುರಿದು, ಸೊಂಟದ ಕೆಳಗೆ ಸ್ವಾಧೀನವೇ ಹೋಯಿತು.

ಅಂದಿನಿಂದ ಅವನನ್ನು ಮಂಚದಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಎತ್ತುವ ಪಾಡು ತಂಗಿಯದು. ಇನ್ನೊಬ್ಬರು ಮುಟ್ಟಕೂಡದಂತೆ. ಪಕ್ಕದ ಮನೆಯ ಬಡಗಿ ತಾನಾಗಿ ಬಂದು ಎತ್ತಿಕೊಡಲಾ ಎಂದು ಕೇಳಿದರೆ "ನನ್ ಮಾನ ನೋಡೋಕ್ ಬಂದ್ಯಾ?" ಎಂದು ಓಡಿಸಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ತಂಗಿ ಸೊಂಟ ನೋವಿನಿಂದ ಗೋಡೆ ಹಿಡಿದು ನಡೆಯತೊಡಗಿದ್ದಳು. ಹೀಗೇ ಎತ್ತುತ್ತಿದ್ದರೆ ಇವರೂ ಹಾಸಿಗೆ ಹಿಡಿಯುತ್ತಾರೆ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದರು.

ಅದನ್ನು ಕೇಳಿದ ಮೇಲೆ ಅವನು ಅವಳಿಗೆ ಎತ್ತುವ ಪಾಠ ಶುರುಮಾಡಿದ. "ಬೆನ್ನು ಬಗ್ಗಿಸ್ಬೇಡ. ಮಂಡಿ ಬಗ್ಗಿಸು, ಕಾಲಿನ ಬಲದಲ್ಲಿ ಎತ್ತು. ಜಾರಿದ್ರೆ ನನ್ನ ಬಿಟ್ಬಿಡು." ತನ್ನನ್ನೇ ಒಂದು ಭಾರವೆಂದುಕೊಂಡು ಮಾತಾಡುತ್ತಿದ್ದ. ಪಾಪ ಎನಿಸಿದರೂ ನನ್ನ ಸಿಟ್ಟು ಇಳಿಯಲಿಲ್ಲ. ಬಡಗಿಯ ಮಾತೆತ್ತಿದರೆ ಈಗಲೂ ಮುಖ ತಿರುಗಿಸುತ್ತಿದ್ದ.

ಒಂದು ಬೆಳಿಗ್ಗೆ ನಾನು ಅಲ್ಲೇ ಹೊದಿಕೆ ಮಡಚುತ್ತಿದ್ದೆ. ಬಚ್ಚಲಿಗೆ ಒಯ್ಯಲೆಂದು ತಂಗಿ ಅವನನ್ನು ಅರ್ಧ ಎತ್ತಿದ್ದಳು, ಆಗಷ್ಟೇ ಒರೆಸಿದ್ದ ನೆಲದಲ್ಲಿ ಕಾಲು ಜಾರಿತು.

"ಬಿಡೇ ನನ್ನ!"

"ಹೇಗ್ರೀ ಬಿಡ್ಲಿ?"

ಹಲ್ಲು ಕಚ್ಚಿ ಹಿಡಿದೇ ಇದ್ದಳು. ಅವನು ತೋಳಿನ ಬಲವೆಲ್ಲ ಹಾಕಿ ಅವಳನ್ನು ಮಂಚದ ಮೇಲಕ್ಕೆ ತಳ್ಳಿ, ತಾನು ದೊಪ್ಪನೆ ನೆಲಕ್ಕೆ ಬಿದ್ದ. ಹಣೆ ಒಡೆದು ರಕ್ತ ಬಂತು. ಉಚ್ಚೆ ಹೋಗಿ ಪೈಜಾಮ ಒದ್ದೆಯಾಯಿತು. ಎದ್ದು ಬಂದ ತಂಗಿ ಮತ್ತೆ ಅವನ ಬಗಲಿಗೆ ಕೈ ಹಾಕಿದಳು.

"ಬೇಡ. ನೀನು ಇನ್ನು ಎತ್ಬೇಡ" ಎಂದ. ಅವನು ಅಳುವುದನ್ನು ನಾನು ಕಂಡಿದ್ದು ಅದೇ ಮೊದಲು. "ಅತ್ತಿಗೆ, ಬಡಗೀನ ಕರೀರಿ."

"ಬಟ್ಟೆ ಬದಲಾಯಿಸ್ತೀನಿ, ಆಮೇಲೆ ಕರೆಯೋಣ" ಎಂದಳು ತಂಗಿ.

"ಅದಕ್ಕೂ ನೀನೇ ಎತ್ಬೇಕಲ್ಲ. ಈಗ್ಲೇ ಕರೀರಿ."

ಓಡಿದೆ. ಬಡಗಿ ಬಂದು ಬಾಗಿಲಲ್ಲೇ ಹಿಂಜರಿದು ನಿಂತ. ಕ್ರೇನು ಒದ್ದೆ ಪೈಜಾಮದಲ್ಲೇ ಮಲಗಿದ್ದು, ಅವನತ್ತ ಎರಡೂ ಕೈ ಚಾಚಿದ.

"ಬಾರಪ್ಪಾ. ಎತ್ತು."